ನಂಟರೊಡನೆ ಒಂದು ದಿನದ ಪಯಣ

ಅತಿಥಿ ಎಂಬ ಶಬ್ದವನ್ನು ಪಂಡಿತರು ಬಿಡಿಸಿ ಹೇಳುವ ಕ್ರಮವೊಂದುಂಟು. ಯಾರ ಬರವಿಗೆ ತಿಥಿಯ ಕಟ್ಟಿಲ್ಲವೋ ಅವನು ಅತಿಥಿ. ಪರಿಚಯವಿದ್ದು, ತಿಳಿಸಿ ಬರುವವನು ಅಭ್ಯಾಗತ. ಈ ಲಕ್ಷಣದಂತೆ ನೋಡಿದರೆ ಬೇಸಗೆಯ ರಜೆಯಲ್ಲಿಯೂ ದಸರೆಯಲ್ಲಿಯೂ ಮನೆಗೆ ಬರುವ ನಂಟರು ಅತಿಥಿಗಳೆನಿಸಲಾರರು. ಅವರು ಬರುವ ತಿಥಿ ಮಾತ್ರವಲ್ಲದೆ, ಏರಿದ ರೈಲು ಯಾವುದು, ಅದು ಎಷ್ಟು ತಡವಾಗಿದೆ, ಮಕ್ಕಳಲ್ಲಿ ಯಾರಿಗೆ ಬದನೆಕಾಯಿ ಸೇರದು ಎಂಬುದೆಲ್ಲವೂ ಮುಂಚಿತವಾಗಿಯೇ ಮನೆಗೆ ತಿಳಿದಿರುತ್ತದೆ. ಅವರನ್ನು ಅಭ್ಯಾಗತರೆಂದರೂ ಪೂರ್ಣವಾಗಿ ಒಪ್ಪದು. ಅಭ್ಯಾಗತನು ಸತ್ಕಾರವನ್ನು ಸ್ವೀಕರಿಸಿ ಹೊರಟುಹೋಗುತ್ತಾನೆ. ನಂಟರಾದರೋ ಸತ್ಕಾರದ ಕೆಲಸಕ್ಕೂ ಕೈಹಾಕುತ್ತಾರೆ. ಬಂದ ದಿನ ಊಟದ ಮಣೆಯ ಮೇಲೆ ಕುಳಿತವಳು ಮಾರನೆಯ ದಿನ ಈಳಿಗೆಮಣೆಯ ಮುಂದೆ ಕುಳಿತಿರುತ್ತಾಳೆ. ಮೂರನೆಯ ದಿನ ಹುಡುಗರಲ್ಲಿ ಯಾರಾದರೊಬ್ಬರು, “ಎಲ್ಲಿಗಾದರೂ ಹೋಗಿಬರೋಣ” ಎನ್ನುತ್ತಾರೆ. ಆ ಮಾತು ಬಿದ್ದೊಡನೆ ಮನೆಯ ನಡೆ ಬೇರೆಯಾಗುತ್ತದೆ.

ಮೈಸೂರಿನಂತಹ ಊರಿನಲ್ಲಿ ವಾಸಿಸುವವರಿಗೆ ಈ ಮಾತು ವರ್ಷಕ್ಕೆ ಎರಡು ಮೂರು ಬಾರಿಯಾದರೂ ಕಿವಿಗೆ ಬೀಳದೆ ಇರದು. ಊರಿನವನು ತನ್ನ ಊರನ್ನು ನೋಡುವುದು ಆಗಲೇ. ಹಿತ್ತಲ ಗಿಡ ಮದ್ದಲ್ಲವೆಂಬಂತೆ, ಬೆಟ್ಟದ ನೆರಳಿನಲ್ಲಿ ಹುಟ್ಟಿ ಬೆಳೆದವನೂ ಬೆಟ್ಟವನ್ನು ಏರಿ ಎಷ್ಟೋ ವರ್ಷವಾಗಿರುತ್ತದೆ. ಮಳೆಗಾಲ ಬಂದರೆ ಮೈಸೂರಿನ ಗೃಹಸ್ಥನು ಬೆಳಿಗ್ಗೆ ಪತ್ರಿಕೆಯನ್ನು ಬಿಡಿಸಿದ ಕೂಡಲೆ ಕೃಷ್ಣರಾಜಸಾಗರದ ನೀರಿನ ಮಟ್ಟವನ್ನು ಓದುತ್ತಾನೆ. ಕಟ್ಟೆ ತುಂಬುವುದೆಂದರೆ 124.80 ಅಡಿ ಎಂಬುದು ಅವನಿಗೆ ಬಾಯಿಪಾಠ. ಆದರೆ 1911ರಲ್ಲಿ ಆರಂಭವಾಗಿ 1931ರಲ್ಲಿ ಮುಗಿದ ಆ ಕಟ್ಟೆಯನ್ನು ಅವನು ಕಣ್ಣಾರೆ ಕಂಡು ಹತ್ತು ವರ್ಷವಾಗಿರಬಹುದು. ಪರವೂರಿನ ಸೋದರಳಿಯನೊಬ್ಬನು ಬಂದು, “ಮಾವ, ಇಷ್ಟು ನೀರು ಎಲ್ಲಿಂದ ಬರುತ್ತದೆ?” ಎಂದು ಕೇಳಿದಾಗಲೇ ಅವನು ಕೊಡಗಿನ ಮಳೆಯನ್ನೂ ಹೇಮಾವತಿ ಲಕ್ಷ್ಮಣತೀರ್ಥಗಳನ್ನೂ ನೆನಪಿಗೆ ತಂದುಕೊಳ್ಳುತ್ತಾನೆ. ನಂಟರು ಉಡುಗೊರೆಯಾಗಿ ಹಣ್ಣನ್ನೂ ಸಿಹಿಯನ್ನೂ ತರುತ್ತಾರೆ. ಅದರೊಡನೆ, ತಮಗೆ ತಿಳಿಯದಂತೆಯೇ, ಊರಿನವನಿಗೆ ಹೊಸ ಕಣ್ಣನ್ನೂ ತಂದುಕೊಡುತ್ತಾರೆ.

ಹೀಗೆ ಹಲವು ಬಾರಿ ನಂಟರನ್ನು ಕರೆದೊಯ್ದ ಯಜಮಾನನಿಗೆ ಒಂದು ಬಗೆಯ ಶಾಸ್ತ್ರಜ್ಞಾನವೇ ಸಿದ್ಧಿಸುತ್ತದೆ. ಮಂಗಳವಾರ ಮೃಗಾಲಯಕ್ಕೆ ರಜೆ; ಅರಮನೆಯ ದೀಪಗಳನ್ನು ನೋಡಬೇಕಾದರೆ ಭಾನುವಾರದ ಸಂಜೆಯನ್ನು ಕಾಯ್ದಿರಿಸಬೇಕು; ರಂಗನತಿಟ್ಟಿನಲ್ಲಿ ಹಕ್ಕಿಗಳ ಸಂಸಾರವನ್ನು ಕಾಣಬೇಕಾದರೆ ಚಳಿಗಾಲ ಕಳೆಯುತ್ತ ಬಂದಾಗ ಹೋಗಬೇಕು; ಕಟ್ಟೆಯಿಂದ ಹೆಚ್ಚು ನೀರು ಬಿಟ್ಟಿರುವಾಗ ಅಲ್ಲಿ ದೋಣಿ ನಡೆಯದು. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಆ ನಡುಗಡ್ಡೆಗಳು 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದುದನ್ನೂ ಅವನು ಹೇಳಬಲ್ಲನು. ದೋಣಿಯಲ್ಲಿ ಕುಳಿತ ಮಕ್ಕಳಿಗೆ ಮಾತ್ರ ಅದಾವುದೂ ಬೇಕಿಲ್ಲ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆ ನಿಜವಾದುದೋ ಬೊಂಬೆಯೋ ಎಂಬುದೊಂದೇ ಅವರ ವಿಚಾರ.

ಇಂತಹ ಪಯಣಗಳು ಹೊಸವೇನೂ ಅಲ್ಲ. ಕಾರ್ತಿಕ ಮಾಸದ ವನಭೋಜನವು ಹಿಂದಿನಿಂದ ಬಂದ ಆಚಾರ. ನೆಲ್ಲಿಯ ಮರವಿರುವ ತೋಪನ್ನು ಹುಡುಕಿ, ಅದರ ಬುಡದಲ್ಲಿ ಪೂಜೆ ಮಾಡಿ, ಬಂಧುಬಳಗದವರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ ಹೊರಟರೆ ಎತ್ತಿನ ಹೆಜ್ಜೆಯೇ ಎಲ್ಲರ ಹೆಜ್ಜೆ. ಮುದುಕರು ಹಿಂದುಳಿಯುವ ಭಯವಿರಲಿಲ್ಲ. ಮಕ್ಕಳು ಬೇಕೆನಿಸಿದಾಗ ಇಳಿದು ಗಾಡಿಯ ಪಕ್ಕದಲ್ಲಿ ಓಡಿ, ದಣಿದಾಗ ಹತ್ತಿಕೊಳ್ಳುತ್ತಿದ್ದರು. ದಿನಕ್ಕೆ ಒಂದು ತೋಪು, ಒಂದು ಕೊಳ, ಒಂದು ಗುಡಿ. ಅದಕ್ಕಿಂತ ಹೆಚ್ಚನ್ನು ಎತ್ತುಗಳು ಒಪ್ಪುತ್ತಿರಲಿಲ್ಲ. ಬಂದ ನಂಟರೂ ಹದಿನೈದು ದಿನ ನಿಲ್ಲುತ್ತಿದ್ದುದರಿಂದ ಯಾರಿಗೂ ಆತುರವಿರಲಿಲ್ಲ.

ಈಗ ದಾರಿ ಹತ್ತಿರವಾಗಿದೆ. ಬೆಂಗಳೂರು ಮೈಸೂರುಗಳ ನಡುವಿನ ಹೊಸ ಹೆದ್ದಾರಿಯು 2023ರ ಮಾರ್ಚಿಯಲ್ಲಿ ಉದ್ಘಾಟಿತವಾದ ಮೇಲೆ, ಬೆಳಿಗ್ಗೆ ಬಂದ ನಂಟರು ಸಂಜೆಗೆ ಹಿಂದಿರುಗುವುದು ಸುಲಭವಾಗಿದೆ. ಅದೇ ವರ್ಷದ ಜೂನ್ ತಿಂಗಳಲ್ಲಿ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಯೋಜನೆ ಆರಂಭವಾಯಿತು. ಅಣ್ಣನಾಗಲಿ ಮಗನಾಗಲಿ ಬಿಡುವು ಮಾಡಿಕೊಂಡು ಕರೆದೊಯ್ಯಲೆಂದು ಕಾಯುತ್ತಿದ್ದ ಅಕ್ಕತಂಗಿಯರು ತಾವೇ ಕೂಡಿಕೊಂಡು ತವರಿಗೂ ಕ್ಷೇತ್ರಗಳಿಗೂ ಹೊರಟುದನ್ನು ಎಲ್ಲರೂ ಕಂಡಿದ್ದಾರೆ. ಇವೆಲ್ಲ ಸಂತೋಷಪಡಬೇಕಾದ ಸಂಗತಿಗಳೇ. ಆದರೆ ದಾರಿಯಲ್ಲಿ ಉಳಿದ ಹೊತ್ತು ಮನೆಯ ಜಗುಲಿಗೆ ಸೇರಬೇಕಾಗಿತ್ತು. ಅದು ಅಲ್ಲಿಗೆ ಸೇರಲಿಲ್ಲ. ಎರಡೇ ದಿನವಿರುವ ನಂಟನಿಗೆ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಹಟ ಯಜಮಾನನಿಗೆ ಹುಟ್ಟುತ್ತದೆ. ಎಲ್ಲವನ್ನೂ ನೋಡಿಬಿಡಬೇಕೆಂಬ ಹಟ ನಂಟನಿಗೂ ಹುಟ್ಟುತ್ತದೆ. ಎರಡು ಹಟಗಳು ಕೂಡಿದಲ್ಲಿ ಪಟ್ಟಿಯೊಂದು ಸಿದ್ಧವಾಗುತ್ತದೆ.

ಆ ಪಟ್ಟಿಯಂತೆ ನಡೆಯುವ ದಿನವನ್ನು ವರ್ಣಿಸುವುದು ಕಷ್ಟವಲ್ಲ. ಬೆಳಿಗ್ಗೆ ಏಳಕ್ಕೆ ಚಾಮುಂಡಿಬೆಟ್ಟ. ಸಾವಿರದಷ್ಟು ಮೆಟ್ಟಿಲುಗಳ ಹಳೆಯ ದಾರಿಯಿದ್ದರೂ ಹೊತ್ತಿಲ್ಲವೆಂದು ಮೋಟಾರಿನಲ್ಲಿಯೇ ಏರಬೇಕು. ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲೆಯ ನಂದಿಯ ಮುಂದೆ ಒಂದು ಚಿತ್ರ ತೆಗೆಸಿಕೊಂಡು ಇಳಿಯಬೇಕು. ಆಮೇಲೆ ಅರಮನೆ. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು, ಈಗಿನದು 1912ರಲ್ಲಿ ಮುಗಿಯಿತು ಎಂದು ಹೇಳುವಷ್ಟರಲ್ಲಿ ಹಿಂದಿನ ಗುಂಪು ಮುಂದಕ್ಕೆ ತಳ್ಳುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಶ್ರೀರಂಗಪಟ್ಟಣ. ರಂಗನಾಥನ ಗುಡಿಯ ಬಾಗಿಲು ಹಾಕಿರುತ್ತದೆ. 1784ರ ದರಿಯಾ ದೌಲತ್ತಿನ ಗೋಡೆಯ ಮೇಲೆ ಪೊಲ್ಲಿಲೂರಿನ ಯುದ್ಧದ ಚಿತ್ರವನ್ನು ನೋಡುತ್ತಿರುವಾಗಲೇ ಕಿರಿಯ ಮಗು ಹಸಿವೆಂದು ಅಳುತ್ತದೆ. ಸಂಗಮದಲ್ಲಿ ಕಾಲು ನೆನೆಸಿ, ರಂಗನತಿಟ್ಟಿಗೆ ಹೋಗಿ, ಸಂಜೆಗೆ ಬೃಂದಾವನದ ಕಾರಂಜಿಯನ್ನು ಮುಟ್ಟಬೇಕು. ರಾತ್ರಿ ಮನೆಗೆ ಬಂದವರಲ್ಲಿ ಒಬ್ಬರಿಗೆ ತಲೆನೋವು, ಒಬ್ಬರಿಗೆ ವಾಂತಿ, ಚಾಲಕನಿಗೆ ಕೋಪ. ನೋಡಿದ ಸ್ಥಳಗಳೇನೋ ಏಳು. ಆದರೆ ಯಾರು ಯಾರೊಡನೆ ಏನು ಮಾತನಾಡಿದರೆಂದು ಕೇಳಿದರೆ, “ಬೇಗ ಹತ್ತು”, “ಚಪ್ಪಲಿ ಎಲ್ಲಿ?”, “ಎಲ್ಲರೂ ಬಂದರೆ?” ಎಂಬ ಮೂರು ವಾಕ್ಯಗಳಲ್ಲಿ ಎಲ್ಲವೂ ಮುಗಿದಿರುತ್ತದೆ.

ಈ ಪಟ್ಟಿಯಿಂದ ಮೊದಲು ಹೊಡೆತ ಬೀಳುವುದು ನಿಧಾನವಾಗಿ ನಡೆಯುವವರಿಗೆ. ಮೊಣಕಾಲು ನೋವಿನ ಅಜ್ಜಿ ಮೊದಲನೆಯ ಸ್ಥಳದಲ್ಲಿ ಎಲ್ಲರೊಡನೆ ಇಳಿಯುತ್ತಾಳೆ. ಎರಡನೆಯದರಲ್ಲಿ ಬಾಗಿಲವರೆಗೆ ಬಂದು ಕಲ್ಲಿನ ಮೇಲೆ ಕೂರುತ್ತಾಳೆ. ಮೂರನೆಯದರಲ್ಲಿ, “ನಾನು ಗಾಡಿಯಲ್ಲೇ ಇರ್ತೀನಿ, ನೀವು ನೋಡ್ಕೊಂಡು ಬನ್ನಿ” ಎನ್ನುತ್ತಾಳೆ. ಆ ಮಾತನ್ನು ಎಲ್ಲರೂ ಬಹು ಬೇಗ ಒಪ್ಪಿಬಿಡುತ್ತಾರೆ. ಅಜ್ಜಿಯ ಜೊತೆಗೆ ಬಂದುದು ಅಜ್ಜಿಯನ್ನು ಗಾಡಿಯಲ್ಲಿ ಕೂರಿಸುವುದಕ್ಕಲ್ಲ ಎಂಬುದು ಆ ಕ್ಷಣದಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಅಜ್ಜಿಯಾದರೂ ಗಾಡಿಯವರೆಗೆ ಬಂದಳು. ಹೊಸ್ತಿಲನ್ನು ದಾಟದವರು ಬೇರೆ ಇದ್ದಾರೆ. ಹೊರಡುವ ದಿನ ಬೆಳಗಿನ ನಾಲ್ಕು ಗಂಟೆಗೆ ಅಡಿಗೆಮನೆಯ ದೀಪ ಉರಿಯುತ್ತದೆ. ಹಿಂದಿನ ರಾತ್ರಿಯೇ ಗೊಜ್ಜು ಕುದಿದಿರುತ್ತದೆ. ಈಗ ಅನ್ನ ಹರವಿ ಆರಿಸಿ ಪುಳಿಯೋಗರೆ ಕಲಸಬೇಕು. ಮೊಸರನ್ನಕ್ಕೆ ಹಾಲು ಹೆಚ್ಚು ಹಾಕಿ ಹೆಪ್ಪನ್ನು ಕಡಮೆ ಮಾಡಬೇಕು, ಇಲ್ಲವಾದರೆ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ಮಕ್ಕಳಿಗೆ ಚಪಾತಿ, ದಾರಿಗೆ ಚಕ್ಕುಲಿ, ಎಲೆ, ಲೋಟ, ಕೈವಸ್ತ್ರ. ಇಷ್ಟನ್ನು ಕಟ್ಟಿಕೊಟ್ಟವಳು ಬಾಗಿಲಲ್ಲಿ ನಿಂತು ಗಾಡಿಯು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ ಒಳಕ್ಕೆ ಹೋಗುತ್ತಾಳೆ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಅವರಿಗೆ ಹೊತ್ತುಹೊತ್ತಿಗೆ ಔಷಧ ಕೊಡಬೇಕು. ಯಾರಾದರೊಬ್ಬರು ಇರಲೇಬೇಕು. ಆ ಯಾರಾದರೊಬ್ಬರು ಯಾವಾಗಲೂ ಒಬ್ಬಳೇ ಆಗಿರುತ್ತಾಳೆ. ಅವಳನ್ನು ಯಾರೂ ತಡೆದುದಿಲ್ಲ, ಕೇಳಿದವರೂ ಇಲ್ಲ.

ಮೈಸೂರಿನ ಒಂದು ಮನೆಯಲ್ಲಿ ಹೀಗೆಯೇ ನಡೆದುಕೊಂಡು ಬಂದಿತ್ತು. ಅತ್ತೆಗೆ ಸೊಂಟದ ಮೂಳೆ ಮುರಿದು ಏಳನೆಯ ವರ್ಷ. ಹಿರಿಯ ಸೊಸೆಯೇ ಅವರ ಕೈಕಾಲು. ಆ ಮನೆಗೆ ಬೇಸಗೆಯಲ್ಲಿ ಮುಂಬಯಿಯ ಮಗಳ ಸಂಸಾರವೂ ಮಂಗಳೂರಿನ ಕಿರಿಯ ಮಗನ ಸಂಸಾರವೂ ಬರುತ್ತಿದ್ದುವು. ಹಿರಿಯ ಸೊಸೆಗೆ ಸುತ್ತಲಿನ ಸ್ಥಳಗಳೆಲ್ಲ ಅಡಿಗೆಯ ರೂಪದಲ್ಲಿ ಪರಿಚಿತವಾಗಿದ್ದುವು. ಸೋಮನಾಥಪುರವೆಂದರೆ ಮೂರು ಸೇರು ಅಕ್ಕಿಯ ಪುಳಿಯೋಗರೆ. ಮೇಲುಕೋಟೆಯೆಂದರೆ ಬರಿಯ ಮೊಸರನ್ನ, ಏಕೆಂದರೆ ಪುಳಿಯೋಗರೆಯನ್ನು ಅಲ್ಲಿಯೇ ಕೊಳ್ಳುತ್ತಿದ್ದರು. ರಂಗನತಿಟ್ಟೆಂದರೆ ಚಪಾತಿ ಮತ್ತು ಆಲೂಗೆಡ್ಡೆಯ ಪಲ್ಯ. ಹಿಂದಿರುಗಿದ ಪಾತ್ರೆಗಳನ್ನು ತೆರೆದು ನೋಡಿ ಪಯಣ ಹೇಗಾಯಿತೆಂದು ಆಕೆ ಹೇಳಬಲ್ಲವಳಾಗಿದ್ದಳು. ಅನ್ನ ಮಿಕ್ಕಿದ್ದರೆ ಬಿಸಿಲು ಹೆಚ್ಚಾಗಿತ್ತೆಂದು ಅರ್ಥ.

ಒಂದು ಬೇಸಗೆ, ಸೋಮನಾಥಪುರಕ್ಕೆ ಹೊರಡುವ ದಿನ, ಬುತ್ತಿಯೆಲ್ಲ ಗಾಡಿಗೆ ಸೇರಿದ ಮೇಲೆ ಮುಂಬಯಿಯ ನಾದಿನಿ ಸೆರಗು ಸಿಕ್ಕಿಸಿಕೊಂಡು ಒಳಕ್ಕೆ ಬಂದಳು.

“ಅತ್ತಿಗೆ, ಸೀರೆ ಬದಲಾಯಿಸಿಕೊಳ್ಳಿ. ಅಮ್ಮನ ಹತ್ತಿರ ಈವತ್ತು ನಾನಿರ್ತೀನಿ.”

“ನೀವು ಬಂದಿರೋದೇ ನಾಲ್ಕು ದಿನಕ್ಕೆ. ಮಕ್ಕಳ ಜೊತೆ ಹೋಗಿ ಬನ್ನಿ. ನನಗೇನು, ಇಲ್ಲೇ ಇರೋಳು, ಯಾವಾಗ ಬೇಕಾದರೂ ನೋಡಬಹುದು.”

“ಯಾವಾಗ ನೋಡಿದಿರಿ, ಅತ್ತಿಗೆ?”

ಅತ್ತಿಗೆ ಉತ್ತರ ಕೊಡಲಿಲ್ಲ. ಯಾವ ಮಾತ್ರೆ ಯಾವ ಹೊತ್ತಿಗೆ, ಬೆನ್ನಿಗೆ ದಿಂಬನ್ನು ಹೇಗೆ ಕೊಡಬೇಕು, ಗಂಜಿಗೆ ಉಪ್ಪೆಷ್ಟು ಎಂದು ಮೂರು ಮೂರು ಬಾರಿ ಹೇಳಿದಳು; ಬಾಗಿಲವರೆಗೆ ಹೋಗಿ ಮರಳಿ ಬಂದು ನಾಲ್ಕನೆಯ ಬಾರಿಯೂ ಹೇಳಿದಳು. ಗಾಡಿಯಲ್ಲಿ ಆಕೆಗೆ ಎಲ್ಲಿ ಕುಳಿತುಕೊಳ್ಳಬೇಕೆಂದು ತಿಳಿಯಲಿಲ್ಲ. ಅದರಲ್ಲಿ ಆಕೆಯ ಜಾಗವೆಂಬುದೊಂದು ಅದುವರೆಗೆ ಇರಲಿಲ್ಲ.

ಮೈಸೂರಿನಿಂದ ಬನ್ನೂರಿನ ಮೇಲೆ ಸೋಮನಾಥಪುರಕ್ಕೆ ಸುಮಾರು 38 ಕಿಲೋಮೀಟರು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಅಲ್ಲಿಯ ಕೇಶವ ದೇವಾಲಯವನ್ನು 1258ರಲ್ಲಿ ಪ್ರತಿಷ್ಠೆ ಮಾಡಿಸಿದನು. 2023ರಲ್ಲಿ ಬೇಲೂರು ಹಳೆಯಬೀಡುಗಳ ದೇವಾಲಯಗಳೊಡನೆ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇದನ್ನೆಲ್ಲ ಗಂಡಸರು ಹಿಂದಿನ ಪಯಣಗಳಲ್ಲಿ ಮಕ್ಕಳಿಗೆ ಹೇಳಿಯಾಗಿತ್ತು. ಮೂರು ಗರ್ಭಗುಡಿ, ನಕ್ಷತ್ರಾಕಾರದ ಜಗತಿ, ಸುತ್ತಲೂ ಕೈಸಾಲೆ, ಪೀಠಗಳ ಮೇಲೆ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು. ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಸಿ, ಹೊರಗೆ ಬಂದು ಮರದ ಕೆಳಗೆ ಬುತ್ತಿ ಬಿಚ್ಚುವುದು ರೂಢಿ.

ಈ ಬಾರಿ ಅರ್ಧ ಗಂಟೆಯಲ್ಲಿ ಮುಗಿಯಲಿಲ್ಲ. ಸೊಸೆ ಜಗತಿಯನ್ನೇರಿ, ಪ್ರದಕ್ಷಿಣೆಯ ಕ್ರಮದಲ್ಲಿ ಎಡದಿಂದ ಹೊರಟು, ಗೋಡೆಯ ಕೆಳಭಾಗದ ಪಟ್ಟಿಕೆಗಳನ್ನು ನೋಡುತ್ತ ನಿಂತುಬಿಟ್ಟಳು. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು. ಅದರ ಮೇಲೆ ಕುದುರೆಗಳು. ಅದರ ಮೇಲೆ ಬಳ್ಳಿ. ಅದಕ್ಕೂ ಮೇಲೆ ಗೇಣುದ್ದದ ಕಲ್ಲಿನಲ್ಲಿ ಕಥೆ. “ಇದು ರಾಮಾಯಣ” ಎಂದಳು. ತಾಯಿಯ ಮನೆಯಲ್ಲಿ ಚಿಕ್ಕಂದಿನಲ್ಲಿ ಪ್ರತಿದಿನವೂ ಪುರಾಣ ಕೇಳಿ ಬೆಳೆದವಳಿಗೆ ಕಲ್ಲಿನ ಲಿಪಿಯನ್ನು ಓದುವುದು ಕಷ್ಟವಾಗಲಿಲ್ಲ. ದಕ್ಷಿಣದ ಕಡೆ ರಾಮಾಯಣ, ಹಿಂದುಗಡೆ ಭಾಗವತ, ಉತ್ತರಕ್ಕೆ ಭಾರತ. ಒಂದೊಂದು ಬೊಂಬೆಯ ಮುಂದೆಯೂ ನಿಂತು, ಇವರು ಯಾರು, ಏನು ಮಾಡುತ್ತಿದ್ದಾರೆ, ಮುಂದೇನಾಯಿತು ಎಂದು ಹೇಳುತ್ತ ನಡೆದಳು. ಮೊದಲು ಒಂದು ಮಗು ಬಂದಿತು. ಆಮೇಲೆ ಎಲ್ಲ ಮಕ್ಕಳೂ ಬಂದರು. ಇನ್ನಾರೋ ಪ್ರವಾಸಿಗರ ಮಕ್ಕಳೂ ಇಬ್ಬರು ಸೇರಿಕೊಂಡರು. ಗಂಡಸರು ಗಡಿಯಾರ ನೋಡುವುದನ್ನು ಬಿಟ್ಟು ಹಿಂದೆ ಹಿಂದೆ ಬಂದರು. ಎಷ್ಟೋ ಬಾರಿ ಬಂದಿದ್ದ ಮನೆಯವರು ಆ ಗೋಡೆಯನ್ನು ಮೊದಲನೆಯ ಬಾರಿ ಓದಿದುದು ಆ ದಿನ.

ಒಳಗೆ ದಕ್ಷಿಣದ ಗರ್ಭಗುಡಿಯಲ್ಲಿ ವೇಣುಗೋಪಾಲನಿದ್ದಾನೆ. ಕೊಳಲಿನ ನಾದಕ್ಕೆ ಕತ್ತೆತ್ತಿದ ಹಸುಗಳು ಅವನ ಬಳಿಯಲ್ಲಿವೆ. ಅಲ್ಲಿ ಪೂಜೆಯಿಲ್ಲ, ದೀಪವಿಲ್ಲ, ಘಂಟೆಯಿಲ್ಲ. ಆಕೆ ಕೈಮುಗಿದು ಬಹಳ ಹೊತ್ತು ನಿಂತಿದ್ದಳು. ಹೊರಗೆ ಬಂದು ಎಲೆ ಹಾಕುವಾಗ ಬಡಿಸಲು ಏಳಹೋದವಳನ್ನು ಮಂಗಳೂರಿನ ಮೈದುನನು, “ನೀವು ಕೂತ್ಕೊಳ್ಳಿ ಅತ್ತಿಗೆ” ಎಂದು ತಡೆದು ತಾನೇ ಬಡಿಸಿದನು. ತಾನು ಕಟ್ಟಿದ ಬುತ್ತಿಯ ಪುಳಿಯೋಗರೆ ಮರದ ನೆರಳಿನಲ್ಲಿ ಎಷ್ಟು ರುಚಿಯಾಗುತ್ತದೆಂಬುದು ಆಕೆಗೆ ಅಂದು ತಿಳಿಯಿತು. ಆ ದಿನ ಮತ್ತಾವ ಸ್ಥಳಕ್ಕೂ ಹೋಗಲು ಹೊತ್ತಿರಲಿಲ್ಲ. ಹೋಗಬೇಕೆಂದು ಯಾರೂ ಹೇಳಲೂ ಇಲ್ಲ.

ಇತ್ತ ಮನೆಯಲ್ಲಿ ನಡೆದುದನ್ನು ನಾದಿನಿ ರಾತ್ರಿ ಅತ್ತಿಗೆಗೆ ಹೇಳಿದಳು. ನಡೆದುದು ಹೆಚ್ಚೇನೂ ಇಲ್ಲ. ತಾಯಿಯ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಗಂಜಿ ಕುಡಿಸಿದಳು. ಮಧ್ಯಾಹ್ನ ತಾಯಿಯ ಮಂಚದ ಪಕ್ಕದಲ್ಲಿಯೇ ಚಾಪೆ ಹಾಕಿ ಮಲಗಿದಳು. ಮಗಳು ಹುಟ್ಟಿದ ಮಳೆಗಾಲದಲ್ಲಿ ಹಿತ್ತಲ ಗೋಡೆ ಬಿದ್ದುದು, ಮೊದಲ ದಿನ ಶಾಲೆಗೆ ಹೋಗಿ ಸ್ಲೇಟು ಒಡೆದುಕೊಂಡು ಬಂದುದು, ಇಂತಹ ಮಾತುಗಳನ್ನು ತಾಯಿ ಬಿಟ್ಟು ಬಿಟ್ಟು ಹೇಳುತ್ತಿದ್ದರು. ನಡುವೆ ಒಮ್ಮೆ, ಯಾರೂ ಕರೆಯದೆ ಮರೆತೇಹೋಗಿದ್ದ ಚಿಕ್ಕಂದಿನ ಹೆಸರಿನಿಂದ ಕೂಗಿದರು. ನಾದಿನಿ ಏಳು ಬೇಸಗೆಯೂ ತವರಿಗೆ ಬಂದಿದ್ದಳು. ಕೋಟೆಯನ್ನು ನೋಡಿದ್ದಳು, ಕಟ್ಟೆಯನ್ನು ನೋಡಿದ್ದಳು, ಹಕ್ಕಿಗಳನ್ನು ನೋಡಿದ್ದಳು. ಅಮ್ಮನ ಬಳಿ ಒಂದು ಹಗಲು ಪೂರ್ತಿಯಾಗಿ ಕುಳಿತುದು ಇದೇ ಮೊದಲು ಎಂದು ಹೇಳುವಾಗ ಆಕೆಯ ಗಂಟಲು ಕಟ್ಟಿತು. ಮುಂದಿನ ಬೇಸಗೆಯಲ್ಲಿ ಆಕೆ ಬಂದಾಗ ಆ ಮಂಚ ಬರಿದಾಗಿತ್ತು.

ಈ ಸಂಗತಿಯಲ್ಲಿ ತ್ಯಾಗವನ್ನು ಹುಡುಕುವುದು ಸರಿಯಲ್ಲ. ನಾದಿನಿ ಉಪಕಾರ ಮಾಡಿದಳೆಂದೂ ಅತ್ತಿಗೆ ಉಪಕೃತಳಾದಳೆಂದೂ ಹೇಳಿದರೆ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ. ಊರಿನವಳಿಗೆ ತನ್ನ ಊರು ದೊರೆಯಿತು. ಪರವೂರಿನವಳಿಗೆ ತನ್ನ ತಾಯಿ ದೊರೆತಳು. ಇಬ್ಬರಿಗೂ ಇವು ಕೈಯಳತೆಯಲ್ಲಿಯೇ ಇದ್ದುವು. ಸ್ಥಾನವನ್ನು ಒಂದು ದಿನದ ಮಟ್ಟಿಗೆ ಬದಲಾಯಿಸಿಕೊಳ್ಳುವ ಯೋಚನೆ ಯಾರಿಗೂ ಬಂದಿರಲಿಲ್ಲ, ಅಷ್ಟೆ.

ಆ ಮನೆಯಲ್ಲಿ ಅಂದಿನಿಂದ ಕೆಲವು ಪದ್ಧತಿಗಳು ನಿಂತಿವೆ. ಅವನ್ನು ಬೇರೆ ಮನೆಯವರೂ ಅನುಸರಿಸಿದರೆ ನಷ್ಟವೇನಿಲ್ಲ. ಒಂದು ದಿನಕ್ಕೆ ಒಂದೇ ಸ್ಥಳ. ನಂಟರು ಎರಡೇ ದಿನವಿರುವುದಾದರೆ ಒಂದು ದಿನ ಮನೆಗೇ ಮೀಸಲು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಎಲ್ಲರಿಗಿಂತ ಮುಂದೆ ನಡೆಯಬೇಕು. ಆಗ ಉಳಿದವರ ಹೆಜ್ಜೆ ತಾನಾಗಿಯೇ ಅದಕ್ಕೆ ಹೊಂದಿಕೊಳ್ಳುತ್ತದೆ. ಚಾಮುಂಡಿಬೆಟ್ಟದ ಮೆಟ್ಟಿಲುಗಳನ್ನು ಹತ್ತುವ ಶಕ್ತಿ ಮಕ್ಕಳಿಗಿದ್ದರೆ ಹಿರಿಯನೊಬ್ಬನು ಅವರೊಡನೆ ನಡೆದು ಹತ್ತಲಿ. ಹತ್ತಲಾರದವರು ಮೋಟಾರಿನಲ್ಲಿ ಹೋಗಿ ನಂದಿಯ ಬಳಿ ಕಾದಿರಲಿ. ಅಲ್ಲಿ ಎಲ್ಲರೂ ಕೂಡಿ ಕುಳಿತು ತಂದುದನ್ನು ತಿನ್ನಲಿ. ಮಕ್ಕಳ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಮನೆಗೆ ಬಂದು ಪುಸ್ತಕ ತೆಗೆಯಬೇಕು. ಹೀಗೆ ಬೇಸಗೆಯ ಪ್ರಶ್ನೆಗಳು ಮಳೆಗಾಲದ ಓದಿಗೆ ದಾರಿಯಾಗುತ್ತವೆ. ಬುತ್ತಿ ಕಟ್ಟುವ ಕೆಲಸಕ್ಕೆ ಹಿಂದಿನ ರಾತ್ರಿಯೇ ಎಲ್ಲ ಕೈಗಳೂ ಸೇರಬೇಕು, ಗಂಡಸರ ಕೈಗಳೂ ಕೂಡ. ಗೊಜ್ಜು ಕುದಿಸಲು ಬಾರದವನಿಗೆ ಕಡಲೆಕಾಯಿಯ ಸಿಪ್ಪೆ ಬಿಡಿಸಲು ಬಂದೇ ಬರುತ್ತದೆ.

ಈ ವರ್ಷವೂ ದಸರೆಗೆ ಮೈಸೂರಿನ ಮನೆಗಳು ತುಂಬುತ್ತವೆ. ಬೊಂಬೆಗಳಿಗೆ ಮೆಟ್ಟಿಲು ಕಟ್ಟುವಾಗಲೇ ಹಾಸಿಗೆಗಳ ಲೆಕ್ಕವೂ ನಡೆಯುತ್ತದೆ. ಜಂಬೂಸವಾರಿಯನ್ನು ಯಾವ ಬೀದಿಯಲ್ಲಿ ನಿಂತು ನೋಡಬೇಕೆಂಬ ಚರ್ಚೆ ಊಟದ ಹೊತ್ತಿನಲ್ಲಿ ಏಳುತ್ತದೆ. ಮೇಲೆ ಹೇಳಿದ ಮನೆಯಲ್ಲಿ ಈಗ, ಎಲ್ಲಿಗೆ ಹೋಗುವುದು ಎಂಬ ಮಾತಿಗೆ ಮೊದಲು, ಈ ಸಲ ಮನೆಯಲ್ಲಿ ಉಳಿಯುವವರು ಯಾರು ಎಂದು ಯಾರಾದರೊಬ್ಬರು ಕೇಳುತ್ತಾರೆ. ಅದಕ್ಕೆ ಉತ್ತರ ದೊರೆತ ಮೇಲೆಯೇ ಅಕ್ಕಿ ಅಳೆಯುತ್ತಾರೆ.